ಉಜ್ಜಿಹೋದ ಉಂಗುರ

ಶಾಲೆಯ ಅಂಗಳದ ಮುದಿಮರ ಗಾಳಿಗೆ ಉರುಳಿಬಿದ್ದ ಮರುದಿನ ಬೆಳಗ್ಗೆ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹೆಂಗಸೊಬ್ಬರು ಗೇಟು ದಾಟಿ ಒಳಗೆ ಬಂದರು. ಯಾರನ್ನೂ ಮಾತನಾಡಿಸದೆ ನೇರವಾಗಿ ಮರದ ಬುಡದ ಹತ್ತಿರ ಹೋಗಿ ಮಂಡಿಯೂರಿ ಕುಳಿತು, ಮುರಿದ ಜಾಗಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಐದನೇ ತರಗತಿಯ ಮೇಷ್ಟ್ರು ಹಾಜರಿ ಕೂಗುವುದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದರು.

“ಸೌದೆಗೇನಮ್ಮ?”

“ಅಲ್ಲ ಸಾರ್, ಓದೋಕೆ.”

“ಓದೋಕಾದ್ರೆ ಒಳಗೆ ಬನ್ನಿ ತಾಯಿ. ಪುಸ್ತಕ ಬೇಕಾದಷ್ಟಿದೆ, ಓದೋರೇ ಇಲ್ಲ.”

ಅವರು ತಲೆಯೆತ್ತಿ ನಕ್ಕರು. ಅಷ್ಟರಲ್ಲಿ ತನಗಿಂತ ಉದ್ದದ ಗರಗಸವನ್ನು ಹೊತ್ತುಕೊಂಡು ಇನ್ನೊಬ್ಬಳು ಬಂದಳು. ಕುಳ್ಳಗಿನ ಹೆಣ್ಣು, ನಡೆಯುವಾಗ ಕುಪ್ಪಳಿಸುವಂತೆ ಕಾಣುತ್ತಿದ್ದಳು.

“ಒಂದು ಹೋಳು ಕೊಯ್ಕೊಂಡು ಹೋಗ್ತೀವಿ ಸಾರ್. ಹೆಡ್‌ಮಾಸ್ಟರನ್ನ ಕೇಳಿದ್ದಾಯ್ತು, ಅವ್ರು ನಿಮ್ಮನ್ನ ಕೇಳಿ ಅಂದ್ರು. ನೀವು ನಮ್ಮನ್ನೇ ಕೇಳ್ತಾ ಇದ್ದೀರಿ. ಇನ್ನು ಮರಾನೇ ಕೇಳ್ಬೇಕು, ಅಷ್ಟೆ!”

ಹೋಳು ಕೊಯ್ದಾಗುವ ಹೊತ್ತಿಗೆ ಇಡೀ ಐದನೇ ತರಗತಿ ಸುತ್ತ ನೆರೆದಿತ್ತು. ಉಂಗುರದೊಳಗೊಂದು ಉಂಗುರ, ಅದರೊಳಗೊಂದು. ಮೊದಲು ಬಂದವರು ಮಕ್ಕಳ ಬೆರಳು ಹಿಡಿದು ಒಂದೊಂದನ್ನೂ ಮುಟ್ಟಿಸಿದರು. “ಇದು ಮರ ಸುಖವಾಗಿದ್ದ ವರ್ಷ, ನೋಡು ಎಷ್ಟು ಅಗಲ. ಇದು ಕಷ್ಟದ ವರ್ಷ, ಸಣಕಲು.” ಅಂದಿನಿಂದ ಆ ಬೀದಿಯಲ್ಲಿ ಅವರು ಮರದ ಮೇಡಂ ಆದರು.

ಗರಗಸದವಳ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಓದುವ ಕಾಲದಿಂದಲೂ ಅವಳು ಗುಬ್ಬಿ. ಇಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಕಲಿತವರು, ಒಂದೇ ಪ್ರಯೋಗಾಲಯದಲ್ಲಿ ಎದುರುಬದುರು ಕೋಣೆಗಳಲ್ಲಿ ಕುಳಿತವರು. ಗುಬ್ಬಿ ಒಮ್ಮೆ ಗೆಳತಿಗೆ ಕನ್ನಡಕ ಮಾಡಿಸಲೆಂದು ಅವರನ್ನು ತನ್ನ ಅಣ್ಣನ ಅಂಗಡಿಗೆ ಕರೆದುಕೊಂಡು ಹೋದಳು. ಅಣ್ಣ ನಂಬರು ನೋಡಲು ಒಂದು ಗಂಟೆ ತೆಗೆದುಕೊಂಡ. “ಅಕ್ಷರ ಓದಿಸ್ತಾ ಇದ್ಯೋ, ಜಾತಕ ಓದ್ತಾ ಇದ್ಯೋ?” ಎಂದು ಗುಬ್ಬಿ ಕಾಲೆಳೆದಳು. ಅಣ್ಣನಿಗೂ ಗೆಳತಿಗೂ ಮದುವೆಯಾದ ದಿನದಿಂದ ಅವಳು ಗೆಳತಿಯನ್ನು “ಅತ್ತಿಗೆ” ಎಂದು ಕರೆಯತೊಡಗಿದಳು. ಮೊದಮೊದಲು ತಮಾಷೆಗೆ, ಆಮೇಲೆ ಬೇರೆ ಹೆಸರೇ ಬಾಯಿಗೆ ಬಾರದೆ.

ಅವರ ಕೆಲಸ ಹೇಳುವುದಕ್ಕೆ ಸುಲಭ. ಎತ್ತರದ ಬೆಟ್ಟಗಳಲ್ಲಿ ಬೇಸಿಗೆ ಬೆಚ್ಚಗಿದ್ದರೆ ಮರ ಚೆನ್ನಾಗಿ ಬೆಳೆದು ಉಂಗುರ ಅಗಲವಾಗುತ್ತದೆ, ಥಂಡಿಯಾಗಿದ್ದರೆ ಸಣ್ಣದಾಗುತ್ತದೆ. ಮರವನ್ನು ಕಡಿಯಬೇಕಾಗಿಲ್ಲ. ಟೊಳ್ಳಾದ ಬೈರಿಗೆಯಿಂದ ಕೊರೆದರೆ ಪೆನ್ಸಿಲಿನಷ್ಟು ಸಪೂರದ ಕಡ್ಡಿಯೊಂದು ಹೊರಗೆ ಬರುತ್ತದೆ. ಅದನ್ನು ಪಟ್ಟಿಗೆ ಅಂಟಿಸಿ, ನಯವಾದ ಉಪ್ಪುಕಾಗದದಿಂದ ಉಜ್ಜಿ, ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಮರ ಕಂಡ ಬೇಸಿಗೆಗಳೆಲ್ಲ ಸಾಲಾಗಿ ನಿಂತಿರುತ್ತವೆ. ಉಜ್ಜುವುದರಲ್ಲಿ ಗುಬ್ಬಿಯದು ಎತ್ತಿದ ಕೈ. ಹಸುಗೂಸಿನ ಕೆನ್ನೆ ಒರೆಸುವಂತೆ ಉಜ್ಜುತ್ತಿದ್ದಳು.

ಅವರ ಗುರುಗಳು ಒಂದು ಕಟ್ಟಳೆ ಹಾಕಿಕೊಟ್ಟಿದ್ದರು. ಪ್ರತಿ ಕಡ್ಡಿಯನ್ನೂ ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಓದಬೇಕು. ಇಬ್ಬರದೂ ಮುಗಿಯುವ ತನಕ ಆ ಕಡ್ಡಿಯ ವಿಚಾರ ತುಟಿ ಬಿಚ್ಚಬಾರದು. ಮುಗಿದ ಮೇಲೆ ಎದುರೆದುರು ಕೂರಲೇಬೇಕು. ವ್ಯತ್ಯಾಸ ಬಂದರೆ ಬಾಯಿಂದ ವಾದಿಸದೆ ಇಬ್ಬರೂ ಸರದಿಯ ಮೇಲೆ ಕಡ್ಡಿಯನ್ನೇ ನೋಡಬೇಕು. ಒಪ್ಪಿತವಾದ ಕಡ್ಡಿ ಡ್ರಾಯರಿಗೆ ಸೇರಿದ ಮೇಲೆ ಒಬ್ಬರೇ ಇರುವಾಗ ಅದನ್ನು ಮುಟ್ಟುವ ಹಾಗಿಲ್ಲ. ಗುರುಗಳು ಹೋದ ಮೇಲೂ ಇವರಿಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದರು. ಮನೆಯಲ್ಲಿ ಒಂದೇ ಊಟದ ಮೇಜಿಗೆ ಕುಳಿತಾಗ, “ನಿಂದಾಯ್ತಾ?” “ಇನ್ನೂ ಇಲ್ಲ” ಎಂಬಷ್ಟೇ ಮಾತು. ಅತ್ತೆಯವರು, “ಇವರಿಬ್ರು ಏನು ಬೇಹುಗಾರಿಕೆ ಮಾಡ್ತಾರೋ, ದೇವರೇ ಬಲ್ಲ” ಎಂದು ನಗುತ್ತಿದ್ದರು.

ಬೆಟ್ಟದ ತುದಿಯಲ್ಲಿ ಒಂದು ಕಡೆಗೆ ವಾಲಿಕೊಂಡು ನಿಂತ ಮುದಿಮರವೊಂದಕ್ಕೆ ಗುಬ್ಬಿ ಕುಂಟಜ್ಜಿ ಎಂದು ಹೆಸರಿಟ್ಟಿದ್ದಳು. ಅವರು ಕೊರೆದ ಮರಗಳಲ್ಲೆಲ್ಲ ಹಿರಿದು ಅದೇ. ಅದರ ಕಡ್ಡಿಯಲ್ಲಿ ಒಂದು ಜಾಗದಲ್ಲಿ ಕೂದಲೆಳೆಯಂಥ ಉಂಗುರವೊಂದಿತ್ತು. ಬೇಸಿಗೆಯೇ ಬಾರದಂಥ ಒಂದು ಥಂಡಿ ವರ್ಷದಲ್ಲಿ ಕುಂಟಜ್ಜಿ ವಾಲಿದ ಪಕ್ಕದಲ್ಲಿ ಮಾತ್ರ ಚೂರು ಬೆಳೆದು, ಇನ್ನೊಂದು ಪಕ್ಕದಲ್ಲಿ ಸುಮ್ಮನೆ ಇದ್ದುಬಿಟ್ಟಿದ್ದಳು. ಆ ಎಳೆಯನ್ನು ಲೆಕ್ಕಕ್ಕೆ ಹಿಡಿದರೆ ಕುಂಟಜ್ಜಿಯ ವರ್ಷಗಳು ಉಳಿದ ಮರಗಳೊಂದಿಗೆ ಸರಿಯಾಗಿ ಕೂಡಿಕೊಳ್ಳುತ್ತಿದ್ದವು. ಬಿಟ್ಟರೆ ಹಿಂದಿನದೆಲ್ಲ ಒಂದೊಂದು ವರ್ಷ ಜಾರಿಹೋಗುತ್ತಿತ್ತು. ಇಬ್ಬರೂ ಬೇರೆ ಬೇರೆ ಓದಿದ್ದರು. ಇಬ್ಬರಿಗೂ ಕಂಡಿತ್ತು.

ಈಚಿನ ಬೇಸಿಗೆಗಳಷ್ಟು ಬಿಸಿ ಕುಂಟಜ್ಜಿಯ ಆಯುಷ್ಯದಲ್ಲೇ ಬಂದಿಲ್ಲ ಎಂದು ಇಬ್ಬರೂ ಬರೆದ ಪ್ರಬಂಧ ಹೊರಬಂದಾಗ ಮೊದಲು ಶಾಲು, ಹಾರ ಬಂದವು. ಆಮೇಲೆ ಅಂಕಣಕಾರರೊಬ್ಬರ ಕಣ್ಣು ಬಿತ್ತು. ಪತ್ರಿಕೆಯಲ್ಲಿ ಬರೆಯುತ್ತಿದ್ದವರು, ಸಂಜೆ ಟಿವಿಯಲ್ಲೂ ಕೂರುತ್ತಿದ್ದರು, ಮಾತಿನಲ್ಲಿ ಸೊಗಸುಗಾರರು. ‘ಇಲ್ಲದ ಉಂಗುರ ತೊಡಿಸಿ ಲೋಕಕ್ಕೆ ಜ್ವರ ಬರಿಸಿದ ಅತ್ತಿಗೆ ನಾದಿನಿ’ ಎಂದು ಬರೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಜನ ನಕ್ಕು ಮರೆಯುತ್ತಿದ್ದರೇನೋ. ಫೋಟೋ ತಿದ್ದಿ ಗೆರೆ ಎಳೆದಿದ್ದಾರೆ, ಕಳ್ಳನೋಟು ಅಚ್ಚು ಹಾಕುವವರಿಗೂ ಇವರಿಗೂ ಏನು ವ್ಯತ್ಯಾಸ, ಅವರು ಇರಬೇಕಾದ ಜಾಗದಲ್ಲೇ ಇವರೂ ಇರಬೇಕು ಎಂದು ಮುಂದುವರಿಸಿದರು. ಟಿವಿಯಲ್ಲೂ ಅದನ್ನೇ ಹೇಳಿದರು.

“ಬಿಡು ಅತ್ತಿಗೆ,” ಎಂದಳು ಗುಬ್ಬಿ. “ಮರ ಅಲ್ಲೇ ಇದೆ, ಓಡಿಹೋಗಲ್ಲ. ಯಾರಿಗೆ ಅನುಮಾನಾನೋ ಅವ್ರು ಬೆಟ್ಟ ಹತ್ತಲಿ. ಆ ಹೊಟ್ಟೆ ಹೊತ್ಕೊಂಡು ಅರ್ಧ ದಾರಿ ಹತ್ತಿದ್ರೆ ನಾನೇ ಹಾರ ಹಾಕ್ತೀನಿ.”

ಮೇಡಂ ಬಿಡಬೇಕೆಂದೇ ಇದ್ದರು. ಆದರೆ ಒಂದು ಸಂಜೆ ಅಂಗಡಿಯಿಂದ ಬಂದ ಯಜಮಾನರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕುಳಿತರು. ಕೆದಕಿ ಕೇಳಿದ ಮೇಲೆ ಹೇಳಿದರು. ಹಳೆಯ ಗಿರಾಕಿಯೊಬ್ಬ ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿ, “ಏನ್ ಸ್ವಾಮಿ, ಇದ್ರಲ್ಲೂ ಇಲ್ಲದ್ದು ಕಾಣುತ್ತೋ, ಅಥವಾ ಮನೆಯವರ ಕನ್ನಡಕದಲ್ಲಿ ಮಾತ್ರವೋ?” ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. “ನಾನೂ ನಕ್ಕೆ ಕಣೇ. ಗಿರಾಕಿ ಅಲ್ವಾ,” ಎಂದರು ಯಜಮಾನರು. ಆ ನಗುವನ್ನು ಮಾತ್ರ ಮೇಡಂ ಅವರಿಗೆ ಬಿಡಲಾಗಲಿಲ್ಲ. ಮರುವಾರ ವಕೀಲರ ಮೆಟ್ಟಿಲು ಹತ್ತಿ ಮಾನನಷ್ಟದ ಮೊಕದ್ದಮೆ ಹೂಡಿದರು.

ವಕೀಲರು ವಯಸ್ಸಾದವರು. “ಗೆಲ್ಲೋ ಕೇಸು ತಾಯಿ. ಆದ್ರೆ ನಮ್ಮಲ್ಲಿ ಗೆಲ್ಲೋ ಕೇಸಿಗೂ ಸೋಲೋ ಕೇಸಿಗೂ ವಾಯಿದೆ ಒಂದೇ ಸಮ” ಎಂದರು. ಹಾಗೆಯೇ ಆಯಿತು. ವರ್ಷಗಳು ಉರುಳಿದವು. ನ್ಯಾಯಾಲಯದ ಉದ್ದನೆಯ ಮೊಗಸಾಲೆಯಲ್ಲಿ, ಒಂದು ಕಾಲು ಅಲ್ಲಾಡುವ ಬೆಂಚಿನ ಮೇಲೆ ಅತ್ತಿಗೆ ನಾದಿನಿ ಕೂರುತ್ತಿದ್ದರು. ಆ ಕಾಲಿನ ಕೆಳಗೆ ಇಡಲು ಗುಬ್ಬಿ ಮರದ ಚೂರೊಂದನ್ನು ಕೈಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಕೆಲವೊಮ್ಮೆ ಅಂಕಣಕಾರರೂ ಎದುರಿನ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದರು. ಆ ವರ್ಷಗಳಲ್ಲಿ ಇವರು ಬೆಟ್ಟ ಹತ್ತಲಿಲ್ಲ. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಬೇಕಾಗಿದ್ದವರು ಕೇಸಿನ ಹೆಸರು ಕೇಳಿ ಬೇರೆ ಕಡೆಗೆ ಹೋದರು. ಬೈರಿಗೆ ತುಕ್ಕು ಹಿಡಿಯಿತು.

ಗುಬ್ಬಿಯ ಸಾಕ್ಷಿ ಮೊದಲೇ ಮುಗಿಯಿತು. ಸೊಗಸಾಗಿ ಹೇಳಿದಳು, ನ್ಯಾಯಾಧೀಶರೇ ಒಮ್ಮೆ ನಕ್ಕರು. ಆಮೇಲೆ ಎದುರು ಪಕ್ಷದ ವಕೀಲರು ಕುಂಟಜ್ಜಿಯ ಕಡ್ಡಿಯನ್ನೇ ಪರಿಣತರೊಬ್ಬರಿಗೆ ತೋರಿಸಬೇಕೆಂದು ಅರ್ಜಿ ಹಾಕಿದರು. “ತೋರಿಸಲಿ, ನಮಗೇನು ಭಯ?” ಎಂದು ಮೇಡಂ ಒಪ್ಪಿದರು. ದಿನ ಗೊತ್ತಾಯಿತು.

ಹಿಂದಿನ ದಿನ ಮಧ್ಯಾಹ್ನ ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇತ್ತು. ಗುಬ್ಬಿ ತಾಯಿಯ ಜೊತೆ ಆಸ್ಪತ್ರೆಗೆ ಹೋದಳು. “ನೀನೂ ಬಾ ಅತ್ತಿಗೆ, ಅಮ್ಮ ನಿನ್ನನ್ನೇ ಕೇಳ್ತಾಳೆ” ಎಂದಿದ್ದಳು. “ನಾಳೆಯ ತಯಾರಿ ಇದೆಯಲ್ಲ, ನೀನು ಇರ್ತೀಯಲ್ಲ” ಎಂದು ಮೇಡಂ ಪ್ರಯೋಗಾಲಯಕ್ಕೆ ಹೋದರು. ತಯಾರಿಯೇನೂ ಇರಲಿಲ್ಲ. ಮನಸ್ಸು ನಿಲ್ಲುತ್ತಿರಲಿಲ್ಲ, ಅಷ್ಟೆ. ಡ್ರಾಯರು ಎಳೆದು ಕಡ್ಡಿಯನ್ನು ನೋಡಿದರು. ಎಷ್ಟೋ ವರ್ಷದ ಧೂಳು, ಬೆರಳಿನ ಜಿಡ್ಡು ಸೇರಿ ಮೈ ಕಪ್ಪಾಗಿತ್ತು. ನಾಳೆ ಹೊರಗಿನವರ ಎದುರು ಇದನ್ನು ಹೀಗೆಯೇ ಇಡುವುದೇ? ಕಂಡೂ ಕಾಣದಂತಿದ್ದರೆ ಕಾಣಲಿಲ್ಲ ಎಂದೇ ಬರೆದುಬಿಡುತ್ತಾರೆ. ಚೂರು ಉಜ್ಜಿದರೆ ಎಲ್ಲ ಫಳಫಳ ಹೊಳೆಯುತ್ತದೆ.

ಕಟ್ಟಳೆ ನೆನಪಿಗೆ ಬಾರದೆ ಇರಲಿಲ್ಲ. ನೆನಪಾಗಿಯೇ, ‘ಒಂದು ಸಲಕ್ಕೆ ಏನಾಗುತ್ತದೆ’ ಎಂದುಕೊಂಡರು. ಅತಿ ನಯದ ಕಾಗದವನ್ನೇ ತೆಗೆದುಕೊಂಡು, ಉಸಿರು ಬಿಗಿಹಿಡಿದು ಉಜ್ಜಿದರು. ಊದಿದರು. ಇನ್ನೂ ಚೂರು ಉಜ್ಜಿದರು. ಗುಬ್ಬಿಯ ಕೈ ಹಗುರ; ಅವರದು ಅಷ್ಟು ಹಗುರವಲ್ಲ. ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಉಂಗುರಗಳೆಲ್ಲ ಎಂದೂ ಕಾಣದಷ್ಟು ಸ್ಪಷ್ಟವಾಗಿ ನಿಂತಿದ್ದವು. ಆ ಒಂದು ಎಳೆ ಮಾತ್ರ ಇರಲಿಲ್ಲ. ಮರದ ಒಂದು ಪಕ್ಕಕ್ಕೆ ಮಾತ್ರ ಹಬ್ಬಿದ್ದ ಆ ಉಂಗುರದ ಕಟ್ಟಕಡೆಯ ಅಂಚು ಮಾತ್ರ ಆ ಕಡ್ಡಿಯ ಮೇಲ್ಪದರದಲ್ಲಿತ್ತು. ಪದರ ಪುಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು.

ಆ ಪುಡಿಯನ್ನು ಗುಡಿಸಲೂ ಕೈಬಾರದೆ, ಬಿಡಲೂ ಮನಸ್ಸಾಗದೆ ಬಹಳ ಹೊತ್ತು ಕುಳಿತಿದ್ದರು. ಹಳೆಯ ಫೋಟೋ ಇತ್ತು ನಿಜ; ಆದರೆ ಫೋಟೋ ತಿದ್ದಿದ್ದೆಂಬುದೇ ಅಲ್ಲವೇ ಆರೋಪ!

ಮರುದಿನ ಪರಿಣತರು ಕಡ್ಡಿಯನ್ನು ಮೇಜಿನ ಮೇಲೆ ಇಟ್ಟಾಗ ಗುಬ್ಬಿ ಬಗ್ಗಿ ನೋಡಿದಳು. ಒಂದೇ ನೋಟ ಸಾಕಾಯಿತು. ಅತ್ತಿಗೆಯ ಕಿವಿಯಲ್ಲಿ, “ಇದನ್ನ ಯಾರು ಉಜ್ಜಿದ್ದು?” ಎಂದಳು.

“ಆಮೇಲೆ ಹೇಳ್ತೀನಿ,” ಎಂದರು ಮೇಡಂ. ಆ ಆಮೇಲೆ ಬರಲಿಲ್ಲ.

ಕಡ್ಡಿಯನ್ನು ಅತಿಯಾಗಿ ಉಜ್ಜಲಾಗಿದೆ, ಆ ಎಳೆ ಇದರಲ್ಲಿಲ್ಲ ಎಂದು ಪರಿಣತರು ವರದಿ ಕೊಟ್ಟರು. ಮೇಡಂ ತಮ್ಮ ವಕೀಲರ ಹತ್ತಿರ ಮಾತ್ರ ಎಲ್ಲ ಹೇಳಿಕೊಂಡರು. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. “ಸುಳ್ಳು ಹೇಳಿ ಅಂತ ನಾನು ಯಾರಿಗೂ ಹೇಳಿದವನಲ್ಲ ತಾಯಿ. ಆದ್ರೆ ಪಾಟೀಸವಾಲಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಕೇಳದ್ದಕ್ಕೆ ನೀವೇ ಬಾಯಿ ಹಾಕ್ಬೇಡಿ. ನೀವೇ ಉಜ್ಜಿದ್ದು ಅಂತ ಗೊತ್ತಾದ್ರೆ, ಬೇಕಂತಲೇ ಸಾಕ್ಷ್ಯ ಅಳಿಸಿದ್ರು ಅಂತಾರೆ. ಅಲ್ಲಿಗೆ ಮುಗೀತು.”

ಕಟಕಟೆಯಲ್ಲಿ ನಿಂತ ಮೇಡಂ ಅವರನ್ನು ಎದುರು ಪಕ್ಷದ ವಕೀಲರು ಬೆರಳು ಅಲ್ಲಾಡಿಸುತ್ತ ಕೇಳಿದರು: “ನಿಮ್ಮ ಪ್ರಯೋಗಾಲಯದಲ್ಲಿ ಈ ಕಡ್ಡಿಗಳನ್ನ ಉಜ್ಜೋರು ಯಾರು ಮೇಡಂ?”

ಮೇಡಂ ಅವರ ಕಣ್ಣು ಒಮ್ಮೆ ಬೆಂಚಿನ ಕಡೆಗೆ ಹೋಯಿತು. ಗುಬ್ಬಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮೈಯೆಲ್ಲ ಕಿವಿಯಾಗಿ ಕುಳಿತಿದ್ದಳು.

“ಸಾಮಾನ್ಯವಾಗಿ ನನ್ನ ಸಹೋದ್ಯೋಗಿ.”

“ಅಂದ್ರೆ, ನಿಮ್ಮ ನಾದಿನಿ.”

“ಹೌದು.”

“ಸಾಕು,” ಎಂದು ವಕೀಲರು ವಿಜಯದ ನಗೆ ನಗುತ್ತ ಕುಳಿತರು. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ! ಇಷ್ಟು ವರ್ಷಗಳ ಮೇಲೂ ಮೇಡಂ ಆ ಕೇಳದ ಪ್ರಶ್ನೆಗಾಗಿ ಕಾಯುತ್ತಿರುತ್ತಾರೆ. ಹೇಳಿದ ಎರಡು ಮಾತೂ ನಿಜವೇ. ಎರಡು ನಿಜ ಸೇರಿ ಒಂದು ಸುಳ್ಳಾಗಿತ್ತು.

ಮೆಟ್ಟಿಲು ಇಳಿಯುವಾಗ ಗುಬ್ಬಿ ಪಕ್ಕದಲ್ಲೇ ಬಂದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು, “ಆ ಮಧ್ಯಾಹ್ನ ನಾನು ಅಮ್ಮನ ಪಕ್ಕದಲ್ಲಿದ್ದೆ ಅತ್ತಿಗೆ. ಅವಳ ಕೈ ಹಿಡ್ಕೊಂಡು ಕೂತಿದ್ದೆ,” ಎಂದಳು. ಗದರಿಕೆಯಿರಲಿಲ್ಲ, ಅಳುವಿರಲಿಲ್ಲ. ಅಷ್ಟು ಹೇಳಿ ಎಂದಿನಂತೆ ಕುಪ್ಪಳಿಸದೆ, ನೆಲ ನೋಡಿಕೊಂಡು ನಡೆದುಹೋದಳು. ಬೇಕೆಂದಿದ್ದರೆ ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮೊಕದ್ದಮೆ ಗೆದ್ದರು. ಉಳಿದ ಕಡ್ಡಿಗಳೆಲ್ಲ ಸರಿಯಾಗಿವೆ, ಸುತ್ತಲಿನ ಮರಗಳಲ್ಲಿ ಆ ಥಂಡಿ ವರ್ಷದ ಎಳೆ ಇದೆ ಎಂದು ಪರಿಣತರು ಹೇಳಿದ್ದರು. ಕಳ್ಳನೋಟಿನ ಮಾತು ಶುದ್ಧ ಸುಳ್ಳು, ದುರುದ್ದೇಶದಿಂದ ಆಡಿದ್ದು ಎಂದು ತೀರ್ಪಾಯಿತು. ಆದರೆ ತೀರ್ಪಿನ ನಡುವೆ ಒಂದು ಸಾಲಿತ್ತು: ಆ ಒಂದು ಕಡ್ಡಿ ಕೆಟ್ಟದ್ದು ಸಹೋದ್ಯೋಗಿಯ ಅಜಾಗರೂಕತೆಯಿಂದ, ಅದರಲ್ಲಿ ಮೋಸವಿಲ್ಲ. ಅಂಕಣಕಾರರ ಕ್ಷಮಾಪಣೆ ಪತ್ರಿಕೆಯ ಮೂಲೆಯಲ್ಲಿ, ಕಳೆದುಹೋದ ವಸ್ತುಗಳ ಜಾಹೀರಾತಿನ ಪಕ್ಕದಲ್ಲಿ ಬಂತು. ಆ ಒಂದು ಸಾಲನ್ನು ಮಾತ್ರ ಎಲ್ಲ ಪತ್ರಿಕೆಗಳೂ ದಪ್ಪಕ್ಷರದಲ್ಲಿ ಹಾಕಿದವು. ಅಷ್ಟು ಹಗುರವಾದ ಕೈಯವಳನ್ನು ಜನ ಒರಟುಗೈಯವಳೆಂದರು.

ಗುಬ್ಬಿ ಬೇರೆ ಊರಿನ ಕಾಲೇಜಿಗೆ ಪಾಠ ಹೇಳಲು ಹೋದಳು. ಹೋಗುವಾಗ ತನ್ನ ಕುರ್ಚಿಯ ಮೇಲಿನ ಎತ್ತರದ ದಿಂಬನ್ನು ಮಾತ್ರ ತೆಗೆದುಕೊಂಡಳು. ಅದಿಲ್ಲದೆ ಅವಳಿಗೆ ಮೈಕ್ರೋಸ್ಕೋಪು ಎಟುಕುತ್ತಿರಲಿಲ್ಲ. ಅತ್ತೆಯವರು ಇರುವಷ್ಟು ದಿನ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಊಟದ ಮೇಜಿನಲ್ಲಿ ಉಪ್ಪು, ಮಳೆ, ಬಸ್ಸಿನ ಹೊತ್ತು ಇಷ್ಟೇ ಮಾತು. “ಅತ್ತಿಗೆ” ಎನ್ನುತ್ತಿದ್ದಳು. ಆದರೆ ಬೇರೆಯವರ ಮನೆಯ ಹೆಂಗಸನ್ನು ಕರೆದ ಹಾಗೆ.

ಅತ್ತೆಯವರು ತೀರಿಕೊಂಡ ಮೇಲೆ ಒಂದು ದಿನ ಮೇಡಂ ಗಂಡನ ಮುಂದೆ ಬಾಯಿ ಬಿಟ್ಟರು. ಯಜಮಾನರು ಆಶ್ಚರ್ಯಪಡಲಿಲ್ಲ.

“ಅಮ್ಮನ ಆಪರೇಷನ್ ದಿನ ಸಂಜೆ ಆಸ್ಪತ್ರೆಗೆ ಬಂದ್ಯಲ್ಲ, ನಿನ್ನ ಕನ್ನಡಕ ಮಸುಕಾಗಿದೆ ಅಂತ ನಾನೇ ಇಸ್ಕೊಂಡು ಒರೆಸಿದ್ದು ಕಣೇ. ಗಾಜಿನ ಮೇಲೆ ಮರದ ಪುಡಿ ಇತ್ತು.”

“ಅವತ್ತೇ ಗೊತ್ತಿತ್ತಾ? ಮತ್ತೆ ಯಾಕ್ರೀ ಕೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಒಂದು ಕಡೆ ತಂಗಿ, ಒಂದು ಕಡೆ ನೀನು. ನಾನು ಅಂಗಡಿಯವನು, ಎರಡೂ ಕಣ್ಣಿಗೂ ಒಂದೇ ಸಲ ಗಾಜು ಹಾಕಿ ಅಭ್ಯಾಸ,” ಎಂದು ನಗಲು ನೋಡಿದರು. ನಗು ಬರಲಿಲ್ಲ.

ಮೇಡಂ ಪತ್ರಿಕೆಯ ಕಚೇರಿಗೆ ಹೋಗಿ, ಉಜ್ಜಿದ್ದು ನಾನೇ, ಅಚ್ಚು ಹಾಕಿ ಎಂದರು. ಅಲ್ಲಿದ್ದ ಹುಡುಗಿಗೆ ಆ ಮೊಕದ್ದಮೆಯ ನೆನಪೇ ಇರಲಿಲ್ಲ. “ಹಳೇ ಸುದ್ದಿ ಅಲ್ವಾ ಮೇಡಂ, ಯಾರು ಓದ್ತಾರೆ?” ಎಂದಳು. ಕೊನೆಗೆ ವಿಜ್ಞಾನಿಗಳ ಒಂದು ಸಣ್ಣ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತು. ಅದನ್ನು ಗುಬ್ಬಿ ಓದಿರಲೇಬೇಕು. ಅವಳಿಂದ ಮಾತೇನೂ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮೇಡಂ ತುಕ್ಕು ಹಿಡಿದ ಬೈರಿಗೆಗೆ ಎಣ್ಣೆ ಹಾಕಿ, ಗಂಡನನ್ನು ಹೊರಡಿಸಿಕೊಂಡು ಬೆಟ್ಟ ಹತ್ತಿದರು. ಮಂಡಿ ನೋವು, ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದರು. “ಆ ಅಂಕಣದವರು ಹತ್ತಲಿ ಅಂದವಳು ನನ್ನ ತಂಗಿ. ಹತ್ತಿದ್ದು ನಾನು,” ಎಂದು ಯಜಮಾನರು ಏದುಸಿರಿನಲ್ಲೇ ಗೊಣಗಿದರು. ಕುಂಟಜ್ಜಿ ಇನ್ನೂ ಸ್ವಲ್ಪ ವಾಲಿಕೊಂಡು ಅಲ್ಲೇ ನಿಂತಿದ್ದಳು. ವಾಲಿದ ಪಕ್ಕದಿಂದ ಒಂದು ಹೊಸ ಕಡ್ಡಿ ತೆಗೆದರು. ಅದನ್ನು ಪಟ್ಟಿಗೆ ಅಂಟಿಸಿದರು. ಉಜ್ಜಲಿಲ್ಲ. ಹಾಗೆಯೇ ಗುಬ್ಬಿಗೆ ಕಳಿಸಿಕೊಟ್ಟರು.

ಎಷ್ಟೋ ದಿನ ಸುಳಿವಿಲ್ಲ. ಆಮೇಲೆ ಕಡ್ಡಿ ವಾಪಸು ಬಂತು. ಕನ್ನಡಿಯಂತೆ ಉಜ್ಜಲಾಗಿತ್ತು. ಅದೇ ಸಂಜೆ ಅಂಗಡಿಗೆ ಫೋನು ಬಂದಿತು. “ಅಣ್ಣಾ, ನನ್ನದು ಓದಿ ಆಯ್ತು. ಅತ್ತಿಗೇದು ಆದ್ಮೇಲೆ ಹೇಳು, ಬರ್ತೀನಿ.” ಅಷ್ಟೇ. ಕಟ್ಟಳೆ ಹಾಗಿತ್ತಲ್ಲ, ಇಬ್ಬರದೂ ಮುಗಿದ ಮೇಲೆ ಎದುರೆದುರು ಕೂರಲೇಬೇಕು.

ಈಗ ದಿನವೂ ಬೆಳಗ್ಗೆ ಮರದ ಮೇಡಂ ತಮ್ಮ ಮನೆಯ ಕಿಟಕಿಯ ಪಕ್ಕದ ಮೇಜಿನಲ್ಲಿ ಹಳೆಯ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ. ಓದಿ ಮುಗಿದು ಬಹಳ ದಿನವಾಯಿತು. ಆ ಎಳೆ ಅಲ್ಲೇ ಇದೆ. ಗುಬ್ಬಿಯ ಕೈ ಅದನ್ನು ನೋಯಿಸದೆ ಎತ್ತಿ ತೋರಿಸಿದೆ. ಲೆಕ್ಕದಲ್ಲಿ ಅನುಮಾನವಿಲ್ಲ. ಎದುರಿಗೆ ಕುಳಿತಾಗ ಲೆಕ್ಕಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ, ಅದರ ಮೊದಲ ಪದ ಇನ್ನೂ ಸಿಕ್ಕಿಲ್ಲ.

“ಆಯ್ತೇನೇ? ಫೋನ್ ಮಾಡ್ಲಾ?” ಎಂದು ಅಂಗಡಿಗೆ ಹೊರಟ ಯಜಮಾನರು ಬಾಗಿಲಲ್ಲಿ ನಿಂತು ಕೇಳುತ್ತಾರೆ.

“ಇನ್ನೊಂದು ಸಲ ನೋಡ್ತೀನಿ ರೀ.”

ಯಜಮಾನರು ವಾಪಸು ಬಂದು, ಹೆಂಡತಿಯ ಮೂಗಿನ ಮೇಲಿನಿಂದ ಕನ್ನಡಕವನ್ನು ಮೆಲ್ಲಗೆ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕುತ್ತಾರೆ. ಗಾಜಿನ ಮೇಲೆ ಧೂಳೇನೂ ಇರುವುದಿಲ್ಲ. ಮೇಡಂ ಮತ್ತೆ ಬಗ್ಗಿ, ಹೊರಗಿನ ಉಂಗುರದಿಂದ ಎಣಿಸಲು ತೊಡಗುತ್ತಾರೆ.